ಹನ್ನೊಂದು ಇಸಿಜಿಗಳ ಫೈಲು

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಕೆಲವು ತಿಂಗಳು, ಎದೆಯ ಮೇಲೆ ಕೈಯಿಟ್ಟುಕೊಂಡೇ ಮಾತನಾಡುವವರು ಆಪ್ತ ಸಮಾಲೋಚಕಿಯಾದ ನನ್ನಲ್ಲಿಗೆ ಬರುತ್ತಿದ್ದರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾಗಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದಾಗ ಮತ್ತೆ ಅದೇ. ಆ ಸಾಲಿನಲ್ಲಿ ನಿಂತು ಮೊದಲ ಇಸಿಜಿ ಮಾಡಿಸಿಕೊಂಡವರೊಬ್ಬರ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನಲವತ್ತರ ಆಸುಪಾಸಿನ ವಯಸ್ಸು, ಹಾರ್ಡ್‌ವೇರ್ ಅಂಗಡಿ, ಹೆಂಡತಿ, ಇಬ್ಬರು ಮಕ್ಕಳು. ರಾತ್ರಿ ಮಲಗಿದರೆ ಎದೆ ಹಿಡಿದಂತಾಗುತ್ತಿತ್ತು, ಕೈಗಳಿಗೆ ಜೋಮು, ತುಟಿಯ ಸುತ್ತ ಚುಮುಚುಮು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡೇ ನಿದ್ದೆ. ಮನೆಯವರು “ಎಲ್ಲ ಭ್ರಮೆ” ಎಂದೇ ಕರೆತಂದಿದ್ದರು. ಆ ಮಾತು ನನಗೆ ಸೇರುವುದಿಲ್ಲ. ಹೆದರಿದವನು ತನಗರಿವಿಲ್ಲದೆ ಉಸಿರನ್ನು ಬೇಗಬೇಗ ಎಳೆದು ಬಿಡುತ್ತಾನೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಜೋಮು ನಿಜವಾಗಿಯೇ ಹಿಡಿಯುತ್ತದೆ. ಪಕ್ಕೆಲುಬಿನ ಸ್ನಾಯುಗಳು ಬಿಗಿದರೆ ನೋವೂ ನಿಜವೇ. ಸುಳ್ಳಿದ್ದರೆ ಅದು ನೋವಿಗೆ ಅವರು ಕೊಟ್ಟ ಅರ್ಥದಲ್ಲಿ ಮಾತ್ರ.

ಮೂರನೆಯ ಭೇಟಿಗೆ ಫೈಲು ತರಲು ಹೇಳಿದ್ದೆ. ಹನ್ನೊಂದು ಇಸಿಜಿ, ಮೂರು ಎಕೋ (ಹೃದಯದ ಸ್ಕ್ಯಾನ್), ಎರಡು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ). ಅವುಗಳಲ್ಲಿ ಏನಿದೆ ಎಂದು ನಾನು ನೋಡಲಿಲ್ಲ, ಅದು ನನ್ನ ವಿದ್ಯೆಯೂ ಅಲ್ಲ. “ಮೊದಲನೆಯದನ್ನು ಮಾಡಿಸಿದಾಗ ಎಷ್ಟು ದಿನ ನೆಮ್ಮದಿಯಿಂದ ಇದ್ದಿರಿ?” ಎಂದು ಕೇಳಿದೆ.

“ಅದು ಜುಲೈನದು ಮೇಡಂ. ಗೌರಿ ಹಬ್ಬ ಕಳೆಯುವವರೆಗೂ ನಿಶ್ಚಿಂತೆಯಾಗಿದ್ದೆ.”

“ಆರನೆಯದು?”

“ಹತ್ತು ದಿನ ಇರಬಹುದು.”

“ಕೊನೆಯದು?”

ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ರಿಪೋರ್ಟ್ ಕೈಗೆ ಬಂತು. ಸ್ಕೂಟರ್ ನಿಲ್ಲಿಸಿದ್ದಲ್ಲಿಗೆ ಬರುವಷ್ಟರಲ್ಲಿ, ತಂತಿಗಳನ್ನು ಸರಿಯಾಗಿ ಹಚ್ಚಿದ್ದರೋ ಇಲ್ಲವೋ ಎಂಬ ಅನುಮಾನ ಬಂತು.”

ಹೇಳಿ ತಾವೇ ನಕ್ಕರು. ಅಷ್ಟು ಹೊತ್ತೂ ಸುಮ್ಮನಿದ್ದ ಹೆಂಡತಿ ನಗಲಿಲ್ಲ. “ರಾತ್ರಿ ಮೂರು ಸಲ ಎಬ್ಬಿಸಿ, ನನಗೇನೂ ಆಗುವುದಿಲ್ಲ ಅಲ್ಲವೇ ಎಂದು ಕೇಳುತ್ತಾರೆ. ಆಗುವುದಿಲ್ಲ ಎನ್ನುತ್ತೇನೆ. ಹಾಗಾದರೆ ಹನ್ನೆರಡನೆಯ ಇಸಿಜಿ ನಾನೇ,” ಎಂದರು.

ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಪ್ರತಿ ಸಮಾಧಾನವೂ ಮುಂದಿನ ಅನುಮಾನಕ್ಕೆ ಗೊಬ್ಬರವಾಗುತ್ತಿತ್ತು. ಆ ದಿನವೇ ಸಲಹೆಯನ್ನು ಬರೆದುಕೊಟ್ಟೆ. ಒಬ್ಬರೇ ವೈದ್ಯರು, ಮುಂದಿನ ಪರೀಕ್ಷೆ ಅವರು ಹೇಳಿದ ತಾರೀಕಿಗೆ, ಭಯ ಹೇಳಿದ ರಾತ್ರಿಗಲ್ಲ. ಆಕ್ಸಿಮೀಟರ್ ಮನೆಯಿಂದ ಹೊರಗೆ. ರಾತ್ರಿ ಪ್ರಶ್ನೆ ಬಂದರೆ ಹೆಂಡತಿ ಉತ್ತರ ಕೊಡಬೇಕಾಗಿಲ್ಲ, “ಭಯವಾಗಿದೆ ಅಲ್ಲವೇ?” ಎಂದು ಪಕ್ಕದಲ್ಲಿ ಕುಳಿತರೆ ಸಾಕು. ಹೆದರಿ ಹತ್ತುವುದನ್ನೇ ಬಿಟ್ಟಿದ್ದ ಗೋದಾಮಿನ ಮೆಟ್ಟಿಲನ್ನು ಮತ್ತೆ ಹತ್ತಬೇಕು. ನಿದ್ದೆ ತೀರಾ ಕೆಟ್ಟಿದ್ದರಿಂದ ಮನೋವೈದ್ಯರಲ್ಲಿಗೂ ಕಳುಹಿಸಿದೆ.

ವಾರದೊಳಗೆ ಅವರ ಭಾವಮೈದುನನ ಫೋನ್ ಬಂತು: “ನಾಳೆ ನಮ್ಮ ಭಾವನಿಗೆ ಏನಾದರೂ ಆದರೆ ನೀವು ಹೊಣೆಯೇ?” ನ್ಯಾಯವಾದ ಪ್ರಶ್ನೆಯೇ. ಹೃದ್ರೋಗ ತಜ್ಞರ ಲಿಖಿತ ಅಭಿಪ್ರಾಯ ನೋಡದೆ ನಾನು ಕೆಲಸ ಆರಂಭಿಸಿರಲಿಲ್ಲ. ಮೆಟ್ಟಿಲು ಹತ್ತಲೂ ಅವರ ಒಪ್ಪಿಗೆಯಿತ್ತು. ಅದೇ ಹಾಳೆಯ ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದನ್ನೂ ಬರೆದಿದ್ದೆ: ನಡೆದಾಗ, ಭಾರ ಎತ್ತಿದಾಗ ಬಂದು, ಸುಮ್ಮನೆ ನಿಂತಾಗ ಇಳಿಯುವ ಎದೆನೋವು, ದವಡೆಗೋ ತೋಳಿಗೋ ಹರಡುವ ಒತ್ತಡ, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಇವುಗಳಲ್ಲಿ ಯಾವುದಾದರೂ ಹೊಸದಾಗಿ ಬಂದರೆ ಗ್ಯಾಸ್ ಎಂದು ಕೂರದೆ 108ಕ್ಕೆ ಕರೆ ಮಾಡಿ. ಒಮ್ಮೆಯೂ ಪರೀಕ್ಷೆ ಮಾಡಿಸದವರು ನನ್ನ ಈ ಬರಹ ಓದಿ ಆಸ್ಪತ್ರೆ ತಪ್ಪಿಸಬಾರದು. ಇಷ್ಟೆಲ್ಲ ಹೇಳಿದ ಮೇಲೂ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೆದರುವವನ ಹೃದಯವೂ ಒಂದು ದಿನ ಕೈಕೊಡಬಹುದು. ಏನೂ ಆಗುವುದಿಲ್ಲ ಎಂಬ ಮಾತನ್ನೇ ಅವರು ನನ್ನಿಂದ ಬಯಸಿದ್ದರು. ಹೃದ್ರೋಗ ತಜ್ಞರಿಗೂ ಕೊಡಲಾಗದ ಭರವಸೆಯನ್ನು ನಾನೆಲ್ಲಿಂದ ತರಲಿ?

ಆರನೆಯ ತಿಂಗಳಿಗೆ ಗಂಡ ಹೆಂಡತಿ ಬಂದಿದ್ದರು, ಫೈಲಿಲ್ಲದೆ. ತಿಂಗಳಿಗೆ ಒಂದೆರಡು ರಾತ್ರಿ ಇನ್ನೂ ಎದೆ ಹಿಡಿಯುತ್ತದೆ, ಎದ್ದು ಕೂರುತ್ತಾರೆ, ಇಳಿಯುತ್ತದೆ. ಆಕ್ಸಿಮೀಟರ್ ಏನಾಯಿತು ಎಂದು ಕೇಳಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆಯಂತೆ, ಬ್ಯಾಟರಿ ತೆಗೆದಿಟ್ಟಿದ್ದಾರಂತೆ.

ಬ್ಯಾಟರಿ ಎಲ್ಲಿ ಎಂದು ನಾನು ಕೇಳಲಿಲ್ಲ.