ಒಂದೇ ತಿಂಗಳಲ್ಲಿ ಐದು ಆಡು, ಒಂದು ಎಮ್ಮೆ ಹೋದವು. ಇನ್ನು ದನಕರು ಕಟ್ಟಬೇಕೋ, ಬಿಡಬೇಕೋ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹುನಗುಂದದ ಕಡೆ ಊರು, ಮೂರೆಕರೆ ಹೊಲ. ಮುಂಗಾರಿನ ಮೊದಲ ಮಳೆ ಬಿದ್ದು ಹದಿನೈದು ದಿನದೊಳಗೆ ಐದು ಆಡು ಸತ್ತವು, ಅದರ ಬೆನ್ನಿಗೇ ಗಬ್ಬದ ಎಮ್ಮೆ. ನಿಮ್ಮ ಅವ್ವ ಯಾರದೋ ಕಣ್ಣು ಬಿತ್ತು ಅನ್ನುತ್ತಾರೆ. ನೀವು ಆಡು ಕಾಯುವ ತಮ್ಮನ ಮೇಲೆ ಹರಿಹಾಯ್ದಿರಿ, ಅಂದಿನಿಂದ ಅವನು ಮಾತು ಬಿಟ್ಟಿದ್ದಾನೆ. ಸಾಲ ತೆಗೆದು ಮತ್ತೆ ತರಬೇಕೋ, ಉಳಿದ ಮೂರು ಆಡನ್ನೂ ಮಾರಿ ಕೈ ತೊಳೆದುಕೊಳ್ಳಬೇಕೋ ಅಂತ ಕೇಳಿದ್ದೀರಿ.

ನಾನು ಬಸವನ ಬಾಗೇವಾಡಿ ತಾಲೂಕಿನವಳು. ಡಾಕ್ಟರಲ್ಲ, ಒಕ್ಕಲುತನದ ಮನೆಯ ಸೊಸೆ. ನಿಮ್ಮ ತಮ್ಮ ಈಗ ಕೂತ ಜಾಗದಲ್ಲಿ ನಾನೂ ಒಂದು ಬೇಸಿಗೆ ಕೂತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ನಾಲ್ಕೆಕರೆ ಎರಿ ಹೊಲ. ಸ್ತ್ರೀಶಕ್ತಿ ಸಂಘದ ಸಾಲ, ಮೇಲೆ ನನ್ನ ಕಿವಿಯ ಬೆಂಡೋಲಿ ಸೇರಿಸಿ 65,000ಕ್ಕೆ ಒಂದು ಎಚ್‌ಎಫ್ ಆಕಳು, ಅಂದರೆ ಹೆಚ್ಚು ಹಾಲಿನ ಸೀಮೆ ತಳಿಯದ್ದು, ತಂದಿದ್ದೆವು. ಕರಿ ಮೈ, ಹಣೆಯ ಮೇಲೆ ಬಿಳಿ ಚಂದ್ರ, ಹಾಗಾಗಿ ಚಂದ್ರಿ. ಎರಡೂ ಹೊತ್ತು ಸೇರಿ ಒಂಬತ್ತು ಲೀಟರ್ ಹಾಲು. ವಾರದ ಕಂತು ಹಾಲಿನಲ್ಲೇ ಹೋಗುತ್ತಿತ್ತು, ಹುಡುಗರ ಖರ್ಚೂ ಅದರಲ್ಲೇ.

ಆ ವರ್ಷ ಅಶ್ವಿನಿ ಮಳೆ ಒಂದೇ ಒಂದು ಜೋರಾಗಿ ಬಂದು ನಿಂತುಬಿಟ್ಟಿತು. ಹಿಂಗಾರಿ ಜೋಳ ಕೊಯ್ದ ಹೊಲದಲ್ಲಿ ಕೂಳೆ, ಅಂದರೆ ಕೊಯ್ದು ಉಳಿದ ಬುಡ, ಒಡೆದು ಗೇಣುದ್ದ ಹಸಿರು ಚಿಗುರು. ಆಮೇಲೆ ಮಳೆ ಇಲ್ಲ, ಬರೀ ಬಿಸಿಲು. ಚಿಗುರು ಬಾಡಿ ಬಾಡಿ ನಿಂತಿತ್ತು. ಬಣವಿ ತಳ ಕಂಡಿತ್ತು, ಚಂದ್ರಿ ಎರಡು ತಿಂಗಳಿಂದ ಒಣ ಕಣಿಕಿ ಅಗಿದೇ ದಿನ ಕಳೆಯುತ್ತಿತ್ತು. ಮಧ್ಯಾಹ್ನ ನಾನೇ ಹಗ್ಗ ಬಿಚ್ಚಿ ಹೊಲಕ್ಕೆ ಹೊಡೆದುಕೊಂಡು ಹೋದೆ. ಪಾಪ, ಹಸಿ ಮೇವು ಕಂಡು ಎಷ್ಟು ದಿನವಾಯಿತೋ, ಒಂದಿಷ್ಟು ಬಾಯಾಡಲಿ ಅಂತ.

ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಅದರ ಹಿಂಗಾಲು ನಡುಗುತ್ತಿತ್ತು. ಬಾಯಿ ತೆರೆದು ಉಸಿರು ಎಳೆಯುತ್ತಿತ್ತು, ಮೂಗಿನ ಹೊಳ್ಳೆ ಅರಳಿ ದೊಡ್ಡದಾಗಿತ್ತು, ಬಾಯಿಂದ ನೊರೆ. ಕೊರಳ ಹಗ್ಗ ಹಿಡಿದು ಎಳೆದೆ, ಎರಡು ಹೆಜ್ಜೆ ಇಟ್ಟು ಮಗ್ಗುಲಾಗಿ ಬಿತ್ತು. ದನಗಳ ಸಹಾಯವಾಣಿ 1962ಕ್ಕೆ ಫೋನ್ ಹಚ್ಚಿದೆ, ನಮ್ಮ ದನದ ಡಾಕ್ಟರಿಗೂ ಹಚ್ಚಿದೆ. ಡಾಕ್ಟರು ಬೈಕಿನಲ್ಲಿ ಬಂದರು, ಆದರೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸಂಜೆ ಐದಕ್ಕೆ ಕೈಗೆ ರೂಢಿಯಲ್ಲವೇ, ತಂಬಿಗೆ ಬಕೆಟ್ ಹಿಡಿದು ಗ್ವಾದಲಿ, ಅಂದರೆ ಮೇವಿನ ತೊಟ್ಟಿತನಕ ಹೋಗಿ ನಿಂತಿದ್ದೆ. ಮೂರು ತಿಂಗಳ ಕರ ಒದರುತ್ತಿತ್ತು. ಅರ್ಧ ಚೀಲ ಹಿಂಡಿ ಗ್ವಾದಲಿ ಪಕ್ಕದಲ್ಲಿ ಹಾಗೇ ಇತ್ತು. ಮನೆಗೆ ಬಂದವರೆಲ್ಲ ಮೊದಲು ಕೇಳಿದ್ದು ಒಂದೇ: "ಯಾರು ಬಿಟ್ಟಿದ್ರು?" ಅತ್ತೆ ಒಲೆ ಮುಂದೆ ಕೂತು, ನನಗೆ ಕೇಳಲಿ ಅಂತಲೇ, "ಆಕಿ ಕೈಗುಣಾನ ಹಂಗ" ಅಂದರು. ನನ್ನ ಗಂಡ ಏನೂ ಅನ್ನಲಿಲ್ಲ. ಅದು ಇನ್ನೂ ಕೆಟ್ಟದ್ದು.

ಇಲ್ಲಿ ಒಂದು ವಿಷಯ. ಡಾಕ್ಟರು ಅವತ್ತು ಹೊಲದಲ್ಲೇ ಪೋಸ್ಟ್‌ಮಾರ್ಟಮ್ ಮಾಡೋಣ ಅಂದಾಗ ನಮ್ಮ ಮಾವ ಕೈ ಅಡ್ಡ ಹಿಡಿದಿದ್ದರು. "ಸತ್ತ ಮ್ಯಾಲೂ ಕೊಯ್ಯಸ್ಬೇಕೇನ್ರಿ ಡಾಕ್ಟ್ರ?" ಡಾಕ್ಟರು ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹೇಳಿದರು: "ಕಾಕಾ, ಕೊಯ್ಯದ ಇದ್ರ ನಾಳಿಂದ ಊರಾಗ ಒಬ್ಬೊಬ್ರು ಒಂದೊಂದು ಹೇಳ್ತಾರ. ಯಾವುದು ಖರೆ ಅಂತ ನಿಮಗೂ ತಿಳಿಯಾಂಗಿಲ್ಲ." ಮಾವ ಮುಖ ತಿರುಗಿಸಿ ನಿಂತರು, ಆದರೆ ಕೈ ತೆಗೆದರು.

ರಕ್ತ ಕುಂಕುಮ ಕಲಸಿದ ನೀರಿನಂತೆ ಕೆಂಪಗಿತ್ತು. ಸತ್ತ ದನದ ರಕ್ತ ಕಪ್ಪಾಗಿರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹೊಟ್ಟೆಯಲ್ಲಿ ಅಗಿದ ಚಿಗುರು. ಡಾಕ್ಟರು ಹೇಳಿದ್ದಿಷ್ಟು: ಎಳೆ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ ಕೂಳೆಯ ಚಿಗುರಿನಲ್ಲಿ, ಒಂದು ಅಂಶ ಹೆಚ್ಚಿರುತ್ತದೆ. ಅದು ದನದ ಹೊಟ್ಟೆಗೆ ಹೋದ ಮೇಲೆ ಸೈನೈಡ್ ಆಗುತ್ತದೆ. ರಕ್ತದಲ್ಲಿ ಉಸಿರಿನ ಗಾಳಿ ಇದ್ದರೂ ಮೈ ಅದನ್ನು ಬಳಸಿಕೊಳ್ಳಲಾರದು, ಅದಕ್ಕೇ ರಕ್ತ ಅಷ್ಟು ಕೆಂಪು. ಬೇಗ ಸಿಕ್ಕರೆ ನರಕ್ಕೆ ಕೊಡುವ ಇಂಜೆಕ್ಷನ್ ಇದೆ, ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್. ಆದರೆ ಹಸಿದ ದನ ಗಬಗಬ ತಿಂದರೆ ಅಷ್ಟು ಹೊತ್ತು ಸಿಗುವುದಿಲ್ಲ. ಅದೇ ಜೋಳ ಹೂ ಬಂದು ಬಲಿತ ಮೇಲೆ, ಅಥವಾ ಕೊಯ್ದು ಚೆನ್ನಾಗಿ ಒಣಗಿಸಿದ ಮೇಲೆ, ಈ ನಂಜು ಬಹಳ ಇಳಿದಿರುತ್ತದೆ.

ಆಮೇಲೆ ಆದದ್ದನ್ನು ನಾನು ಮರೆಯುವುದಿಲ್ಲ. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಯಾರ ಕಡೆಯೂ ನೋಡದೆ ಅಂದರು: "ನಮ್ಮಪ್ಪ ಕೂಳಿ ಹೊಲಕ್ಕ ದನಾ ಬಿಡಾಕ ಕೊಡತಿದ್ದಿಲ್ಲ. ನನಗ ಗೊತ್ತಿತ್ತು. ಈ ಹುಡುಗಿಗೆ ನಾನ ಹೇಳಬೇಕಿತ್ತು." ನಾನು ತವರಿನಲ್ಲಿ ನೀರಾವರಿ ಕಬ್ಬಿನ ಸೀಮೆಯವಳು, ಕೂಳೆ ಜೋಳ ಅಂದರೆ ಏನು ಅಂತ ನನಗೆ ಹೇಳಿದವರೇ ಇರಲಿಲ್ಲ. ಹೋದ ಆಕಳು ಬರಲಿಲ್ಲ ನಿಜ. ಆದರೆ ಆವತ್ತು ರಾತ್ರಿ ಅತ್ತೆ ನನಗೆ ಊಟಕ್ಕೆ ಕರೆದರು.

ನಿಮ್ಮ ಮನೆಯಲ್ಲಿ ಆಗಬೇಕಾದದ್ದು ಇದು. ಯಾತಕ್ಕೆ ಸತ್ತವು ಅನ್ನುವುದು ಗೊತ್ತಾಗದೆ ಯಾರ ತಪ್ಪು ಅಂತ ಹೇಳಲಾಗದು, ಮುಂದೆ ತರಬೇಕೋ ಬಿಡಬೇಕೋ ಅನ್ನುವುದೂ ತೀರ್ಮಾನವಾಗದು. ನೀವು ಐದು ಆಡನ್ನೂ ಹಾಗೇ ಹೂತಿದ್ದೀರಿ, ಅದು ಹೋಯಿತು. ಆದರೂ ಡಾಕ್ಟರನ್ನು ಕರೆದು ನಡೆದದ್ದನ್ನು ಪೂರ್ತಿ ಹೇಳಿ. ಹೇಳುವುದು ತಮ್ಮನೇ ಹೇಳಲಿ, ಅವುಗಳ ಜೊತೆ ಇದ್ದವನು ಅವನು.

ರಾತ್ರಿ ಚೆನ್ನಾಗಿದ್ದ, ಮೈ ತುಂಬಿದ ಆಡು ಬೆಳಗಿಗೆ ಸತ್ತು ಬಿದ್ದಿತ್ತಾ, ಕುತ್ತಿಗೆ ಹಿಂದಕ್ಕೆ ಸೆಟೆದಿತ್ತಾ? ಮೊದಲ ಮಳೆಯ ಎಳೆ ಹುಲ್ಲು ಹೊಟ್ಟೆ ತುಂಬ ಮೇಯ್ದ ಕುರಿ ಆಡುಗಳಿಗೆ ಬರುವ ಕರುಳುಬೇನೆ ಹಾಗೇ ಇರುತ್ತದೆ, ಡಾಕ್ಟರುಗಳು ಈಟಿ ಅನ್ನುತ್ತಾರೆ. ಒಂದು ಬ್ಯಾಕ್ಟೀರಿಯಾ ಕರುಳಿನಲ್ಲಿ ಒಮ್ಮೆಲೇ ಹೆಚ್ಚಿ ವಿಷ ಬಿಡುತ್ತದೆ. ಚೆನ್ನಾಗಿ ಮೇಯ್ದದ್ದೇ ಮೊದಲು ಸಾಯುತ್ತದೆ, ಅಂದರೆ ಮನಸಿಟ್ಟು ಕಾಯ್ದವನ ಆಡು ಮೊದಲು ಹೋಗುತ್ತದೆ! ಇದನ್ನು ತಮ್ಮನ ಮುಂದೆ ಹೇಳಿ ನೋಡಿ. ಹಾಗಲ್ಲ, ಜ್ವರ ಬಂದು, ಕಣ್ಣು ಮೂಗು ಸೋರಿ, ಬಾಯಲ್ಲಿ ಹುಣ್ಣಾಗಿ, ಭೇದಿ ಹತ್ತಿ ನಾಲ್ಕಾರು ದಿನ ನರಳಿ ಸತ್ತಿದ್ದರೆ ಅದು ಪಿಪಿಆರ್, ಅಂದರೆ ಆಡು ಕುರಿಗಳ ಪ್ಲೇಗ್ ಇರಬಹುದು, ಒಂದರಿಂದ ಒಂದಕ್ಕೆ ಹಬ್ಬುವಂಥದ್ದು. ಎಮ್ಮೆಯ ಗಂಟಲು ಬಾತು, ಗೊರಗೊರ ಉಸಿರಾಡಿ ಒಂದೇ ದಿನದಲ್ಲಿ ಹೋಗಿದ್ದರೆ ಗಳಲೆ ರೋಗದ ಗುಮಾನಿ. ಮಳೆಗಾಲದಲ್ಲಿ ಆಕಳಿಗಿಂತ ಎಮ್ಮೆಗೆ ಅದರ ಕಾಟ ಜಾಸ್ತಿ. ಅಂದರೆ ಆಡಿಗೂ ಎಮ್ಮೆಗೂ ಒಂದೇ ಕಾರಣ ಇರಲೇಬೇಕು ಅಂತಿಲ್ಲ. ಒಟ್ಟಿಗೆ ಹೋದವು ಅಂತಲೇ ನಮಗೆ ಕಣ್ಣು ಬಿತ್ತು ಅನಿಸುವುದು.

ಈ ಮೂರಕ್ಕೂ ಲಸಿಕೆ ಇದೆ. ಕರುಳುಬೇನೆ, ಗಳಲೆ ರೋಗದ್ದು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು. ಕರುಳುಬೇನೆಯದ್ದು ಮೊದಲ ಸಲವಾದರೆ ಎರಡು ಮೂರು ವಾರಕ್ಕೆ ಇನ್ನೊಂದು ಡೋಸ್ ಬೇಕಾಗುತ್ತದೆ. ನಿಮ್ಮ ಅವ್ವ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಲಿ, ದ್ಯಾಮವ್ವಗೆ ಉಡಿ ತುಂಬಲಿ, ಬೇಡ ಅನ್ನಬೇಡಿ. ಆದರೆ ಲಸಿಕೆ ಹಾಕಿಸಿದ ಮೇಲೆ.

ಇನ್ನು ದುಡ್ಡಿನ ಮಾತು. ಅಳುವ ದಿನವೇ ಕಾಗದದ ಕೆಲಸವೂ ಬರುತ್ತದೆ, ಅದು ಕ್ರೂರ, ಆದರೆ ಹೂತ ಮೇಲೆ ಏನೂ ಮಾಡಲು ಬರುವುದಿಲ್ಲ. ಕಿವಿಯ ಹಳದಿ ಬಿಲ್ಲೆಯ 12 ಅಂಕಿ ಕಾಣುವ ಹಾಗೆ ಫೋಟೊ, ಡಾಕ್ಟರ ಮರಣೋತ್ತರ ವರದಿ, ಇವಿಲ್ಲದೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ. ಬಿಲ್ಲೆ ಇದ್ದ ಕಿವಿ ಕೊಯ್ದು ಇಟ್ಟುಕೊಳ್ಳಬೇಕೇ ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ಏನೂ ಮಾಡಬೇಡಿ. ದನ ದಿಢೀರನೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕರಿ ರಕ್ತ ಸೋರಿದ್ದರಂತೂ ಅದನ್ನು ಕೊಯ್ಯುವ, ಚರ್ಮ ಸುಲಿಯುವ ಮಾತೇ ಬೇಡ. ಅದು ನೆರಡಿ (ಆಂಥ್ರಾಕ್ಸ್) ಇರಬಹುದು, ಮನುಷ್ಯರಿಗೂ ಹತ್ತುತ್ತದೆ. ಆಳವಾದ ಗುಂಡಿ, ಮೇಲೆ ಸುಣ್ಣ, ಬಾವಿಯಿಂದ ದೂರ.

ಸರಕಾರದ ಅನುಗ್ರಹ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ಆಡು ಕುರಿಗೆ 5,000, ಆಕಳು, ಎತ್ತು, ಎಮ್ಮೆಗೆ 10,000 ರೂಪಾಯಿ ಇತ್ತು. 2025-26ರ ಬಜೆಟ್ಟಿನಲ್ಲಿ ಅದನ್ನು 7,500 ಮತ್ತು 15,000ಕ್ಕೆ ಏರಿಸುವುದಾಗಿ ಹೇಳಿದರು. 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಸಂತೆ ಜಾತ್ರೆ ನಿಂತ ವರ್ಷವೂ ಆಕಳಿಗೆ 20,000, ಎತ್ತಿಗೆ 30,000, ಕರಕ್ಕೆ 5,000 ಅಂತ ಬೇರೆ ಪರಿಹಾರ ಸಾರಿದ್ದರು. ನಮ್ಮ ಪಕ್ಕದ ಮನೆಯವರ ಖಿಲಾರಿ ಎತ್ತು ಆಗ ಹೋಯಿತು. ಜೋಡಿಯಲ್ಲಿ ಒಂದು ಹೋದರೆ ಉಳಿದದ್ದೂ ಅರ್ಧ ಬೆಲೆಗೆ ಬೀಳುತ್ತದೆ, ಅದನ್ನು ಯಾವ ಪರಿಹಾರವೂ ಲೆಕ್ಕ ಹಿಡಿಯುವುದಿಲ್ಲ. ಆ ಮನೆಯ ಕಾಕಾ ಮರುವರ್ಷದ ಕಾರ ಹುಣ್ಣಿಮೆಗೆ ಒಂದೇ ಎತ್ತಿನ ಕೋಡಿಗೆ ಬಣ್ಣ ಹಚ್ಚಿದರು, ಎತ್ತು ಓಡಿಸುವ ಕರಿ ಹರಿಯಲು ಮಾತ್ರ ಕಳಿಸಲಿಲ್ಲ.

ವಿಮೆ ಬಗ್ಗೆ ನಾನು ಬುದ್ಧಿ ಹೇಳುವ ಹಾಗಿಲ್ಲ. "ಮುಂದಿನ ತಿಂಗಳ ಮಾಡಸೂಣು" ಅಂತ ಆರು ತಿಂಗಳು ದೂಡಿದವಳು ನಾನು. 2024ರಿಂದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ವಿಮೆ ಕಂತಿನ ಶೇ 15ರಷ್ಟು ಮಾತ್ರ ರೈತರು ಕೊಡಬೇಕು, ಉಳಿದದ್ದು ಸರಕಾರದ್ದು. ದನದ ದವಾಖಾನೆಯಲ್ಲಿ ಕೇಳಿ, ಉಳಿದ ಆಡುಗಳಿಗೂ ಮಾಡಿಸಿ.

ಮತ್ತೆ ತರಬೇಕೇ? ಈಗಲೇ ಬೇಡ. ನಮ್ಮ ಬೀಗರೊಬ್ಬರು ಆಡು ಸತ್ತ ಹಟಕ್ಕೆ ಮರುವಾರವೇ ಸಂತೆಗೆ ಹೋಗಿ ಆರು ಆಡು ತಂದು ಉಳಿದವುಗಳ ಜೊತೆ ಒಂದೇ ಹಟ್ಟಿಯಲ್ಲಿ ಕೂಡಿದರು. ಸಂತೆಯಿಂದ ಆಡಿನ ಜೊತೆ ರೋಗವೂ ಬಂದಿತ್ತು. ತಿಂಗಳೊಪ್ಪತ್ತಿನಲ್ಲಿ ಹಟ್ಟಿ ಗುಡಿಸಿದಂತಾಯಿತು. ಎಲ್ಲಿಂದ ತಂದರೂ ಕನಿಷ್ಠ ಮೂರು ವಾರ ಬೇರೆ ಕಟ್ಟಬೇಕು, ನೀರಿನ ದೋಣಿಯೂ ಬೇರೆ. ಸಾಲ ಮಾಡಿ ತರುವುದಕ್ಕಂತೂ ನಾನು ಒಪ್ಪುವುದಿಲ್ಲ. ಸತ್ತ ಆಕಳಿನ ಕಂತನ್ನು ವಾರ ವಾರ ಕಟ್ಟುವುದು ಏನು ಅಂತ ನನಗೆ ಗೊತ್ತು, ಹದಿನಾಲ್ಕು ತಿಂಗಳು ಕಟ್ಟಿದ್ದೇನೆ. ಅದರಲ್ಲಿ ನಾಲ್ಕು ತಿಂಗಳು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿ ದುಡಿದದ್ದು.

ಉಳಿದ ಮೂರನ್ನು ಮಾರಬೇಡಿ. ಸಾವಾದ ಮನೆಯ ಆಡು ಅಂತ ವ್ಯಾಪಾರಿ ಅರ್ಧಕ್ಕೆ ಕೇಳುತ್ತಾನೆ. ಮೂರೂ ಹೆಣ್ಣಾದರೆ ಎರಡು ವರ್ಷದಲ್ಲಿ ಹಟ್ಟಿ ಮತ್ತೆ ಕಾಣುತ್ತದೆ. ಇನ್ನೂ ಬೇಕೆನಿಸಿದರೆ ಯಾರದ್ದಾದರೂ ಎರಡು ಆಡು ಪಾಲಿಗೆ ಕಟ್ಟಿಕೊಳ್ಳಿ. ಮರಿಯಲ್ಲಿ ಅರ್ಧ ಅವರದು, ಅರ್ಧ ನಿಮ್ಮದು, ಕೈಯಿಂದ ದುಡ್ಡು ಹೋಗುವುದಿಲ್ಲ. ನಾವು ಚಂದ್ರಿಯ ಕರವನ್ನೇ ಉಳಿಸಿಕೊಂಡೆವು. ಅದಕ್ಕೆ ಬಾಟಲಿಯಲ್ಲಿ ಕುಡಿಸಿದ್ದು ಪಕ್ಕದ ಮನೆಯ ಎಮ್ಮೆಯ ಹಾಲು, ಅದೂ ಉದ್ದರಿ. ಈಗ ಅದೇ ಗೂಟಕ್ಕೆ ಕಟ್ಟಿದೆ, ಹೋದ ತಿಂಗಳು ಈದಿತು. ಅವ್ವನಷ್ಟು ಹಾಲಿಲ್ಲ, ಒದೆಯುವುದು ಮಾತ್ರ ಎರಡರಷ್ಟು.

ಇನ್ನು ನಿಮ್ಮ ತಮ್ಮ. ಸರಿಯಾಗಿ ಉಣ್ಣುತ್ತಿಲ್ಲ, ರಾತ್ರಿಯೆಲ್ಲ ಅಂಗಳದಲ್ಲಿ ಕೂತಿರುತ್ತಾನೆ ಅಂತ ಬರೆದಿದ್ದೀರಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಣ್ಣೆ ಡಬ್ಬಿ, ಅದೇ ಹೊಲಕ್ಕೆ ಹೊಡೆಯುವ ಔಷಧಿ, ಕಣ್ಣಿಗೆ ಬೀಳದ ಕಡೆ ಕೀಲಿ ಹಾಕಿಡಿ. 14416ಕ್ಕೆ ಫೋನ್ ಹಚ್ಚಿದರೆ ಟೆಲಿ ಮಾನಸ್‌ನವರು, ಅಂದರೆ ಮನಸ್ಸಿನ ತೊಂದರೆಗೆ ಇರುವ ಸರಕಾರದ ಸಹಾಯವಾಣಿಯವರು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನು ಒಲ್ಲೆ ಅಂದರೆ ನೀವೇ ಮಾಡಿ ಕೇಳಿ. "ತಪ್ಪಾತೋ ತಮ್ಮಾ" ಅನ್ನುವುದು ನಿಮಗೆ ಕಷ್ಟ ಇರಬಹುದು, ದೊಡ್ಡವರು ನೀವು. ನಮ್ಮ ಮಾವನೂ ನೇರ ನನಗೆ ಹೇಳಲಿಲ್ಲ, ಒಡ್ಡಿನ ಕಡೆ ನೋಡಿ ಹೇಳಿದರು. ಅಷ್ಟಾದರೂ ನನಗೆ ಸಾಕಾಗಿತ್ತು.

ನಾಳೆ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಆಡು ಯಾವ ದಿನ, ಅದರ ಹಿಂದಿನ ದಿನ ಎಲ್ಲಿ ಮೇಯ್ದಿತ್ತು, ಸಾಯುವ ಮುಂಚೆ ಹೇಗಿತ್ತು, ಅವನ ಬಾಯಿಂದಲೇ ಬರಲಿ. ಉಳಿದ ಮೂರರಲ್ಲಿ ಯಾವುದಾದರೂ ಮೇವು ಬಿಟ್ಟಿದ್ದರೆ ನಾಳೆತನಕ ಕಾಯದೆ ಇವತ್ತೇ 1962.