ಸಿಟಿ ಸ್ಕ್ಯಾನ್ ರೂಮಿನ ಕೆಲಸ ಬಿಡದೆ ಪಿಎಚ್‌ಡಿ ಆಗುತ್ತಾ?

ಕಾರವಾರದಲ್ಲಿ ಸಿಟಿ ಟೆಕ್ನಾಲಜಿಸ್ಟ್ ಆಗಿದ್ದೀರಿ, ಇಮೇಜಿಂಗ್ ಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿದಿದೆ, ಕೆಲಸ ಬಿಡದೆ ಪಿಎಚ್‌ಡಿ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ನಾನು ಕುಮಟಾದವಳು, ಇದೇ ವಿಷಯದಲ್ಲಿ ಪಾರ್ಟ್‌ಟೈಮ್ ಮಾಡುತ್ತಿದ್ದೇನೆ.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮ ಪಾರ್ಟ್‌ಟೈಮ್‌ಗೆ ಅವಕಾಶ ಕೊಟ್ಟಿದೆ. ನಿಮ್ಮ ಆಸ್ಪತ್ರೆಯಿಂದ ಎನ್‌ಒಸಿ (ನಮ್ಮ ಅಭ್ಯಂತರವಿಲ್ಲ ಅನ್ನುವ ಪತ್ರ) ಬೇಕು. ಎಂ.ಎಸ್ಸಿ.ಯಲ್ಲಿ ಶೇ. 55 ಅಂಕ ಇರಬೇಕು, ಮೀಸಲಾತಿ ಇದ್ದವರಿಗೆ ಶೇ. 5ರಷ್ಟು ಸಡಿಲಿಕೆ. ಕನಿಷ್ಠ 3 ವರ್ಷ ಬೇಕು. ಪೂರ್ತಿ ಸಮಯ ಕೊಟ್ಟು ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಪಡೆದರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಪಾರ್ಟ್‌ಟೈಮ್‌ನವರು ಸಂಬಳದ ಮೇಲೇ ನಡೆಸಬೇಕು, ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ನಮ್ಮ ಕರಾವಳಿಯವರಿಗೆ ಹತ್ತಿರದ್ದು ಮಣಿಪಾಲ. ಅಲ್ಲಿನ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಗೇ ಬೇರೆ ವಿಭಾಗ ಇದೆ, ಕಾರವಾರದಿಂದ ಉಡುಪಿಗೆ ರೈಲೂ ಇದೆ. ಮೆದುಳಿನ ಎಂಆರ್‌ಐ ಇಷ್ಟ ಅಂದರೆ ಬೆಂಗಳೂರಿನ ನಿಮ್ಹಾನ್ಸ್ ನೋಡಿ. ಐಐಎಸ್‌ಸಿಯಲ್ಲೂ ಇಮೇಜಿಂಗ್ ಕೆಲಸ ನಡೆಯುತ್ತದೆ, ಆದರೆ ಅಲ್ಲಿಗೆ ಗಣಿತ, ಕೋಡಿಂಗ್ ಗಟ್ಟಿ ಇರಬೇಕು.

ಕಾಲೇಜಿಗಿಂತ ಮುಖ್ಯ ನಿಮ್ಮ ಪ್ರಶ್ನೆ. ಈಗ ಎಲ್ಲರೂ ಎಐ ಅಂತಾರೆ. ನನ್ನ ಪ್ರಕಾರ ಟೆಕ್ನಾಲಜಿಸ್ಟ್‌ಗಳ ಬಲ ಇರೋದು ಬೇರೆ ಕಡೆ. ಸ್ಕ್ಯಾನ್ ಮುಗಿದ ಮೇಲೆ ಕನ್ಸೋಲ್‌ನಲ್ಲಿ ಡೋಸ್ (ವಿಕಿರಣದ ಪ್ರಮಾಣ) ರಿಪೋರ್ಟ್ ಬರುತ್ತದಲ್ಲ, ಸಿಟಿಡಿಐ, ಡಿಎಲ್‌ಪಿ ಅಂತ? ದಿನಾ ನೋಡಿ ಸುಮ್ನೆ ಮುಚ್ಚುತ್ತೇವೆ. ಸಿಟಿಡಿಐ ಅಂದರೆ ಆ ಸ್ಕ್ಯಾನ್‌ಗೆ ಮಷಿನ್ ಕೊಡುವ ವಿಕಿರಣದ ಮಟ್ಟ; ಸ್ಕ್ಯಾನ್ ಎಷ್ಟು ಉದ್ದ ಹೋಯಿತೋ ಅದರಿಂದ ಇದನ್ನು ಗುಣಿಸಿದರೆ ಡಿಎಲ್‌ಪಿ, ಅಂದರೆ ಇಡೀ ಸ್ಕ್ಯಾನ್‌ನ ಒಟ್ಟು ಲೆಕ್ಕ. ಅಂದರೆ ಎದೆಯ ಸ್ಕ್ಯಾನ್‌ಗೆ ಸ್ಕೌಟ್ (ಮೊದಲು ತೆಗೆಯುವ ಅಂದಾಜು ಚಿತ್ರ) ಮೇಲೆ, ಎಲ್ಲಿಂದ ಎಲ್ಲಿವರೆಗೆ ಅಂತ ಬಾಕ್ಸ್ ಎಳೆಯುವಾಗ 'ಇರಲಿ' ಅಂತ ಹೊಟ್ಟೆ ಕಡೆ ಒಂದಿಷ್ಟು ಇಳಿಸಿದರೆ, ಆ ಡೋಸ್ ಪೂರ್ತಿ ರೋಗಿಯ ಮೈಗೆ. ಆ ಬಾಕ್ಸ್ ಎಳೆಯುವವರು ನಾವೇ ಅಲ್ವಾ?

ಇದನ್ನೇ ಜಿಲ್ಲೆಯ ಮಟ್ಟಕ್ಕೆ ಹಿಗ್ಗಿಸಿ. ಕಾರವಾರ, ಕುಮಟಾ, ಶಿರಸಿಯ ಸೆಂಟರುಗಳಲ್ಲಿ ಪ್ಲೇನ್ ಬ್ರೇನ್‌ಗೆ (ಕಾಂಟ್ರಾಸ್ಟ್ ಔಷಧಿ ಕೊಡದ ಮೆದುಳಿನ ಸ್ಕ್ಯಾನ್) ಎಷ್ಟೆಷ್ಟು ಡೋಸ್ ಬೀಳುತ್ತಿದೆ? ಪ್ರತಿ ಸೆಂಟರಿನ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವಿನ ಅಂಕಿ) ತೆಗೆದು, ಆ ಮೀಡಿಯನ್‌ಗಳ 75ನೇ ಪರ್ಸೆಂಟೈಲ್ (ಮುಕ್ಕಾಲು ಪಾಲು ಸೆಂಟರುಗಳು ಅದರೊಳಗೇ ಇರುವ ಮಟ್ಟ) ನೋಡುವುದು ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ ಐಸಿಆರ್‌ಪಿ 2017ರಲ್ಲಿ ಹೇಳಿದ ವಿಧಾನ. ಅದಕ್ಕಿಂತ ಜಾಸ್ತಿ ಕೊಡುತ್ತಿರುವವರು ಪ್ರೋಟೋಕಾಲ್ (ಸ್ಕ್ಯಾನ್‌ಗೆ ಮಷಿನ್‌ನಲ್ಲಿ ಇಟ್ಟಿರುವ ಸೆಟ್ಟಿಂಗ್) ತಿದ್ದಬೇಕು, ಚಿತ್ರದ ಗುಣಮಟ್ಟ ಕೆಡದಂತೆ. ಅದು ಹೇಗೆ ಅನ್ನೋದರಲ್ಲೇ ಪಿಎಚ್‌ಡಿಯ ತಿರುಳು ಇದೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದರೆ ಫಿಲ್ಮ್ ಕವರ್ ಹಿಡಿದು ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡಬೇಕು. ಅಲ್ಲಿ 'ಇದು ಸಾಲಲ್ಲ, ಮತ್ತೊಮ್ಮೆ ತೆಗೆಸಿ' ಅಂದಾಗ ದುಡ್ಡೂ ಹೋಯಿತು, ಡೋಸೂ ಎರಡು ಸಲ. ಯಾಕೆ ಸಾಲಲಿಲ್ಲ? ಸ್ಲೈಸ್ (ಸ್ಕ್ಯಾನ್‌ನ ಒಂದೊಂದು ಪದರ) ದಪ್ಪವಾಯಿತಾ, ಕಾಂಟ್ರಾಸ್ಟ್ ಟೈಮಿಂಗ್ ತಪ್ಪಿತಾ, ಸಿಡಿ ಕೊಡಲೇ ಇಲ್ವಾ? ಇದನ್ನು ಯಾರಾದರೂ ಕೂತು ಲೆಕ್ಕ ಹಾಕಲೇಬೇಕು.

ಗೈಡ್‌ಗೆ ಬರೀ ಬಯೋಡೇಟಾ ಕಳಿಸಬೇಡಿ. ಒಂದು ಪುಟ ಬರೆಯಿರಿ: ಪ್ರಶ್ನೆ ಏನು, ಯಾವ ಮಷಿನ್, ತಿಂಗಳಿಗೆ ಎಷ್ಟು ಕೇಸ್, ನಿಮ್ಮ ರೇಡಿಯಾಲಜಿಸ್ಟ್ ಜೊತೆಗಿರುತ್ತಾರಾ. ಹಳೆಯ ಡೇಟಾ ಆದರೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗುವ ತನಕ ಮುಟ್ಟಬೇಡಿ. ಪುಟ ಬರೆದಾದ ಮೇಲೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.