ಮೇಲೆದ್ದ ಚೆಂಡೆಲ್ಲ ಅಪರಾಧವಲ್ಲ: ಹಾಕಿ ನಿಯಮಗಳ ಕುರಿತ ಪ್ರಶ್ನೆಗಳಿಗೆ ಅಂಪೈರ್ ಉತ್ತರ

ಕೊಡವ ಕುಟುಂಬಗಳೇ ತಂಡಗಳಾಗಿ ಆಡುವ ಕೌಟುಂಬಿಕ ಹಾಕಿಯ ಪಂದ್ಯಗಳು ಮುಗಿಯುತ್ತಿದ್ದಂತೆ ಕೊಡಗಿನ ಮೂಲೆ ಮೂಲೆಗಳಿಂದ ಪ್ರಶ್ನೆಗಳು ಬರತೊಡಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕಳೆದ ವರ್ಷ ಬಂದವೇ, ಅದಕ್ಕೂ ಹಿಂದಿನ ವರ್ಷ ಬಂದವೇ. ಹಾಗಾಗಿ ಎಲ್ಲರೂ ಕೇಳುವ ಒಂದು ಪ್ರಶ್ನೆಗೆ ಈ ಸಲ ವಿವರವಾಗಿ ಉತ್ತರಿಸುತ್ತೇನೆ. ಉಳಿದವುಗಳಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಹೇಳುತ್ತೇನೆ.

ಪ್ರಶ್ನೆ: ಎದುರಾಳಿ ಹೊಡೆದ ಚೆಂಡು ಮೊಣಕಾಲಿಗಿಂತ ಮೇಲೆ ಹಾರಿದರೂ ಅಂಪೈರ್ ಸುಮ್ಮನಿದ್ದರು. ಮಾರನೆಯ ಪಂದ್ಯದಲ್ಲಿ ಅದಕ್ಕಿಂತ ಕೆಳಗೆ ಬಂದ ಚೆಂಡಿಗೆ ಸೀಟಿ ಊದಿದರು. ಚೆಂಡು ಎಷ್ಟು ಎತ್ತರಕ್ಕೆ ಎದ್ದರೆ ಅಪರಾಧ? (ನಾಪೋಕ್ಲು)

ಉತ್ತರ: ಅಂತಹ ಎತ್ತರವೇ ಇಲ್ಲ. ಆಟ ನಡೆಯುತ್ತಿರುವಾಗ ಚೆಂಡು ಇಷ್ಟು ಎತ್ತರ ದಾಟಿದರೆ ತಪ್ಪು ಎಂದು ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ನಿನ ನಿಯಮ ಪುಸ್ತಕ ಹೇಳುವುದಿಲ್ಲ. ಮೊಣಕಾಲಿನ ಮಾತು ಬರುವುದು ಪೆನಾಲ್ಟಿ ಕಾರ್ನರ್ ಭಾಗದಲ್ಲಿ, ಅಂದರೆ ಗೋಲಿನ ಹತ್ತಿರ ರಕ್ಷಕರು ತಪ್ಪು ಮಾಡಿದಾಗ ಎದುರಾಳಿಗೆ ಸಿಗುವ ಗೋಲ್ ಅವಕಾಶದ ಭಾಗದಲ್ಲಿ. ಅದನ್ನು ಯಾರೋ ಅಲ್ಲಿಂದ ಕಿತ್ತು ತಂದು ಇಡೀ ಮೈದಾನಕ್ಕೆ ಅನ್ವಯಿಸಿದ್ದಾರೆ, ಮೈದಾನದ ಅಂಚಿನಲ್ಲಿ ನಿಂತವರು ಅದನ್ನೇ ನಿಯಮವೆಂದು ಮಕ್ಕಳಿಗೆ ಕಲಿಸುತ್ತಿದ್ದಾರೆ.

ಅಂಪೈರ್ ನೋಡುವುದು ಬೇರೆಯೇ ಸಂಗತಿಗಳನ್ನು. ಚೆಂಡು ಎದ್ದದ್ದು ಸ್ಟಿಕ್ ಬೀಸಿ ಹೊಡೆದ ಹಿಟ್‌ನಿಂದಲೋ, ಬೀಸದೆ ಸ್ಟಿಕ್‌ನಿಂದ ತಳ್ಳಿ ಎತ್ತುವ ಫ್ಲಿಕ್ ಅಥವಾ ಚೆಂಡಿನಡಿ ಸ್ಟಿಕ್ ತೂರಿಸಿ ಎತ್ತುವ ಸ್ಕೂಪ್‌ನಿಂದಲೋ, ಅದರ ದಾರಿಯಲ್ಲಿ ಯಾರಿದ್ದರು, ಎಷ್ಟು ದೂರದಲ್ಲಿದ್ದರು, ಪೆಟ್ಟು ತಪ್ಪಿಸಿಕೊಳ್ಳಲು ಅವರು ನಿಜವಾಗಿಯೂ ಸರಿಯಲೇಬೇಕಾಯಿತೇ ಎಂಬುದನ್ನು ಆ ಕ್ಷಣದಲ್ಲೇ ತೂಗಿ ನೋಡಬೇಕು. ಗೋಲಿನತ್ತ ಹೊಡೆಯುವ ಶಾಟ್ ಹೊರತುಪಡಿಸಿ ಬೇರೆಲ್ಲಿಯೂ ಬೇಕೆಂದೇ ಹಿಟ್ ಅನ್ನು ಎತ್ತುವಂತಿಲ್ಲ, ಎದುರಿಗೆ ಯಾರೂ ಇಲ್ಲದಿದ್ದರೂ ಅದು ಅಪರಾಧವೇ. ಉದ್ದೇಶವಿಲ್ಲದೆ ಎದ್ದ ಹಿಟ್ ಯಾರಿಗೂ ಅಪಾಯ ಒಡ್ಡದಿದ್ದರೆ ಆಟ ಮುಂದುವರಿಯುತ್ತದೆ. ಫ್ಲಿಕ್ ಮತ್ತು ಸ್ಕೂಪ್ ಎತ್ತುವುದಕ್ಕೆ ಅಡ್ಡಿಯಿಲ್ಲ, ಆದರೆ ಐದು ಮೀಟರ್ ಒಳಗಿರುವ ಎದುರಾಳಿಯ ಮೈಮೇಲೆ ಎತ್ತಿದರೆ ಅದನ್ನು ಅಪಾಯವೆಂದೇ ಪರಿಗಣಿಸಲಾಗುತ್ತದೆ.

ನಮ್ಮ ಊರಿನ ಮೈದಾನದಲ್ಲಿ ಆಗುವುದನ್ನೇ ನೋಡಿ. ರಕ್ಷಣಾ ಆಟಗಾರ ತನ್ನ ಡಿ (ಗೋಲಿನ ಮುಂದಿನ ಅರ್ಧವೃತ್ತ) ಹತ್ತಿರದಿಂದ, ಎದುರಾಳಿಯ ತಪ್ಪಿಗೆ ಸಿಕ್ಕ ಫ್ರೀ ಹಿಟ್ ಅನ್ನು ನೆಲಮಟ್ಟದಲ್ಲೇ ಬಲವಾಗಿ ಹೊಡೆಯುತ್ತಾನೆ, ಚೆಂಡು ಹುಲ್ಲಿನ ಗಡ್ಡೆಗೋ ಸಣ್ಣ ಕಲ್ಲಿಗೋ ತಾಗಿ ಸೊಂಟದೆತ್ತರಕ್ಕೆ ಚಿಮ್ಮಿ ಖಾಲಿ ಜಾಗದಲ್ಲಿ ಹಾದುಹೋಗುತ್ತದೆ. ಇದಕ್ಕೆ ಸೀಟಿ ಇಲ್ಲ. ಅದೇ ಚೆಂಡು ಮೂರು ಮೀಟರ್ ಮುಂದೆ ನಿಂತವನ ಮುಖದ ಕಡೆಗೆ ಹೋಗಿ ಅವನು ತಲೆ ತಿರುಗಿಸಿ ತಪ್ಪಿಸಿಕೊಂಡರೆ, ಹೊಡೆದವನ ಮನಸ್ಸಿನಲ್ಲಿ ಏನಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಸೀಟಿ ಊದಲೇಬೇಕು. ಬೇಕೆಂದೇ ಎತ್ತಿದ್ದನ್ನು ಗುರುತಿಸುವುದು ಕಷ್ಟವಲ್ಲ. ಸ್ಟಿಕ್‌ನ ಮುಖ ಆಕಾಶದತ್ತ ತೆರೆದಿರುತ್ತದೆ, ಮೈ ಹಿಂದಕ್ಕೆ ವಾಲಿರುತ್ತದೆ, ಹೊಡೆದ ನಂತರ ಸ್ಟಿಕ್ ಮೇಲಕ್ಕೆ ಸಾಗುತ್ತದೆ. ಅಂಪೈರ್ ಚೆಂಡಿನ ಹಿಂದೆ ಕಣ್ಣು ಓಡಿಸುವ ಮೊದಲು ಹೊಡೆಯುವವನ ಕೈ ನೋಡಬೇಕು.

ಇದರ ಜೊತೆಗೇ ಬರುವ ದೂರು, “ಚೆಂಡು ಬಂದದ್ದು ಇಲ್ಲಿಗೆ, ಫ್ರೀ ಹಿಟ್ ಕೊಟ್ಟದ್ದು ಅಲ್ಲಿ” ಎಂಬುದು. ಅಪಾಯ ಹುಟ್ಟಿದ ಜಾಗದಲ್ಲಿ ಫ್ರೀ ಹಿಟ್ ಕೊಡಬೇಕೆಂಬುದೇ ನಿಯಮ, ಆದ್ದರಿಂದ ಸಾಮಾನ್ಯವಾಗಿ ಅದನ್ನು ಹೊಡೆದವನು ನಿಂತ ಜಾಗದಲ್ಲೇ ಕೊಡಲಾಗುತ್ತದೆ. ಮೇಲಿನಿಂದ ಬೀಳುವ ಚೆಂಡಿನ ವಿಷಯದಲ್ಲಿಯೂ ಗೊಂದಲ ಬೇಡ. ಚೆಂಡು ಪಡೆಯುವವನು ಅದನ್ನು ಹತೋಟಿಗೆ ತಂದು ನೆಲಕ್ಕೆ ಇಳಿಸುವವರೆಗೆ ಎದುರಾಳಿ ಐದು ಮೀಟರ್ ಒಳಗೆ ನುಗ್ಗಿ ಅವನ ಮೇಲೆ ಬೀಳುವಂತಿಲ್ಲ. ಯಾರು ಮೊದಲು ಪಡೆಯುವವರು ಎಂಬುದು ಸ್ಪಷ್ಟವಿಲ್ಲದಿದ್ದರೆ ಚೆಂಡನ್ನು ಎತ್ತಿದ ತಂಡದವರೇ ಬಿಟ್ಟುಕೊಡಬೇಕು.

ನನ್ನ ಸ್ವಂತ ನಿಲುವನ್ನೂ ಮುಚ್ಚಿಡುವುದಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಈ ಕೌಟುಂಬಿಕ ಹಾಕಿಯಲ್ಲಿ ಒಂದೇ ತಂಡದಲ್ಲಿ ಶಾಲೆಗೆ ಹೋಗುವ ಹುಡುಗಿ, ಅವಳ ದೊಡ್ಡಪ್ಪ, ರಾಜ್ಯ ಮಟ್ಟದಲ್ಲಿ ಆಡಿದ ಅಣ್ಣ ಎಲ್ಲರೂ ಇರಬಹುದು, ಅದೇ ಅದರ ಸೊಬಗು. ಚೆಂಡಿನ ತೂಕ 156ರಿಂದ 163 ಗ್ರಾಂ, ಗಟ್ಟಿತನದಲ್ಲಿ ಕಲ್ಲಿಗೇನೂ ಕಡಿಮೆಯಿಲ್ಲ. ಟರ್ಫ್ ಮೇಲೆ ಪಳಗಿದ ಆಟಗಾರರು ನಿರಾಯಾಸವಾಗಿ ತಡೆಯುವ ಚೆಂಡು ಆ ಹುಡುಗಿಗೆ ಅಪಾಯವೇ ಸರಿ. ಆದ್ದರಿಂದ ಇಂತಹ ಪಂದ್ಯಗಳಲ್ಲಿ ನಾನು ಬೇಗ ಸೀಟಿ ಊದುತ್ತೇನೆ, ಆಟದ ಓಟ ಕೆಟ್ಟಿತೆಂದು ಯಾರು ಕೂಗಿದರೂ ಮುಂದೆಯೂ ಊದುತ್ತೇನೆ.

ಎದುರಾಳಿಯ ಮೊಣಕಾಲ ಕೆಳಗೆ ಫ್ಲಿಕ್ ಮಾಡಿದರೆ ಫ್ರೀ ಹಿಟ್ ಸಿಗುತ್ತದೆಂದು ಮಕ್ಕಳಿಗೆ ಹೇಳಿಕೊಡುವ ಸ್ವಯಂಘೋಷಿತ ಕೋಚ್‌ಗಳು ಮಾಡುತ್ತಿರುವುದು ದ್ರೋಹ. ಹಲ್ಲಿನ ರಕ್ಷಣೆಗೆ ಮೌತ್‌ಗಾರ್ಡ್ ಹಾಕಿದರೆ ಉಸಿರು ಕಟ್ಟುತ್ತದೆಂದು ಹೆದರಿಸುವವರೂ, ತಲೆಗೆ ಪೆಟ್ಟು ಬಿದ್ದ ಮಗುವಿಗೆ ನೀರು ಚಿಮುಕಿಸಿ ಮತ್ತೆ ಮೈದಾನಕ್ಕೆ ಇಳಿಸುವವರೂ ಅವರೇ. ಆ ಮಗು ಆ ದಿನ ಮತ್ತೆ ಆಡಬಾರದು, ವೈದ್ಯರ ಬಳಿ ಹೋಗಬೇಕು.

ಪ್ರಶ್ನೆ: ಪೆನಾಲ್ಟಿ ಕಾರ್ನರ್‌ನಲ್ಲಿ ನಮ್ಮವರ ಹಿಟ್ ಬಲೆಯ ಮಧ್ಯಕ್ಕೆ ಹೋಯಿತು, ಗೋಲ್ ಕೊಡಲಿಲ್ಲ. ಎದುರಾಳಿಯ ಡ್ರ್ಯಾಗ್ ಫ್ಲಿಕ್ ಮೇಲಿನ ಮೂಲೆಗೆ ಹೋಯಿತು, ಗೋಲ್ ಕೊಟ್ಟರು. ಇದು ಪಕ್ಷಪಾತವಲ್ಲವೇ? (ಗೋಣಿಕೊಪ್ಪ)

ಉತ್ತರ: ಅಲ್ಲ. ಮೊದಲ ಶಾಟ್ ಹಿಟ್ ಆಗಿದ್ದರೆ ಗೋಲ್ ಗೆರೆ ದಾಟುವಾಗ ಅದು 460 ಮಿಲಿಮೀಟರ್, ಅಂದರೆ ಗೋಲಿನೊಳಗಿನ ಹಲಗೆಯ ಎತ್ತರವನ್ನು ಮೀರಬಾರದು. ಫ್ಲಿಕ್‌ಗೆ ಈ ಮಿತಿಯಿಲ್ಲ, ಅಪಾಯದ ನಿಯಮ ಮಾತ್ರ ಇದೆ. ಮೊಣಕಾಲಿನ ನಿಯಮ ಇರುವುದೂ ಇಲ್ಲಿಯೇ: ಮೊದಲ ಶಾಟ್ ಹೊಡೆಯುವವನಿಂದ ಐದು ಮೀಟರ್ ಒಳಗೆ ಸಹಜವಾಗಿ ನಿಂತ ರಕ್ಷಕನಿಗೆ ಚೆಂಡು ಮೊಣಕಾಲಿಗೆ ಅಥವಾ ಅದಕ್ಕಿಂತ ಮೇಲೆ ತಾಗಿದರೆ ರಕ್ಷಕರಿಗೆ ಫ್ರೀ ಹಿಟ್, ಅದಕ್ಕಿಂತ ಕೆಳಗೆ ತಾಗಿದರೆ ಮತ್ತೊಂದು ಕಾರ್ನರ್. ಸ್ಟಿಕ್‌ನಿಂದ ಆಡುವ ಪ್ರಯತ್ನವನ್ನೇ ಮಾಡದೆ ಶಾಟ್‌ಗೆ ಮೈಯೊಡ್ಡಿ ಓಡಿಬರುವವನಿಗೆ ಈ ರಕ್ಷಣೆ ಇಲ್ಲ.

ಪ್ರಶ್ನೆ: ಆಫ್‌ಸೈಡ್ ಏಕೆ ಕೊಡಲಿಲ್ಲ? (ವಿರಾಜಪೇಟೆ)

ಉತ್ತರ: ಎದುರಾಳಿ ರಕ್ಷಕರನ್ನು ದಾಟಿ ಮುಂದೆ ನಿಂತು ಚೆಂಡು ಪಡೆಯುವುದನ್ನು ತಡೆಯುತ್ತಿದ್ದ ಆಫ್‌ಸೈಡ್ ನಿಯಮ ಹಾಕಿಯಲ್ಲಿ ರದ್ದಾಗಿದ್ದು 1990ರ ದಶಕದಲ್ಲಿ.

ಪ್ರಶ್ನೆ: ಸ್ಟಿಕ್ ಹೆಗಲಿಗಿಂತ ಮೇಲೆ ಹೋದರೂ ಸುಮ್ಮನಿದ್ದರು. (ಸೋಮವಾರಪೇಟೆ)

ಉತ್ತರ: ಸುಮ್ಮನಿದ್ದದ್ದು ಸರಿ. ಅಪಾಯವಿಲ್ಲದೆ, ಹತೋಟಿಯಲ್ಲಿ ಆಡಿದರೆ ಹೆಗಲಿಗಿಂತ ಮೇಲಿನ ಚೆಂಡನ್ನೂ ಈಗ ಮೈದಾನದ ಯಾವ ಭಾಗದಲ್ಲಾದರೂ ಆಡಬಹುದು.

ಪ್ರಶ್ನೆ: ಚೆಂಡು ಕಾಲಿಗೆ ತಾಗಿದ್ದನ್ನು ಮೈದಾನವೆಲ್ಲ ನೋಡಿತು, ಅಂಪೈರ್ ಮಾತ್ರ ನೋಡಲಿಲ್ಲವೇ? (ಪೊನ್ನಂಪೇಟೆ)

ಉತ್ತರ: ನೋಡಿರುತ್ತಾರೆ. ಕಾಲಿಗೆ ತಾಗಿದ್ದರಿಂದ ಆ ಆಟಗಾರನಿಗೆ ಲಾಭವಾದರೆ ಅಥವಾ ಚೆಂಡನ್ನು ಮೈಯಿಂದ ತಡೆಯಲೆಂದೇ ಅವನು ಅಲ್ಲಿ ನಿಂತಿದ್ದರೆ ಮಾತ್ರ ಅದು ಅಪರಾಧ. ಅಪರಾಧವೇ ಆಗಿದ್ದರೂ ಚೆಂಡು ನಿಮ್ಮವರ ಸ್ಟಿಕ್‌ಗೇ ಬಂದು ಮುಂದೆ ದಾರಿ ತೆರೆದಿದ್ದರೆ ಸೀಟಿ ಊದದೆ ಅಡ್ವಾಂಟೇಜ್ ಕೊಟ್ಟು ಆಟ ಮುಂದುವರಿಯಲು ಬಿಡಬೇಕು. ಅಂತಹ ಹೊತ್ತಿನಲ್ಲಿ ಕೈ ಎತ್ತಿ “ಫೂಟ್, ಫೂಟ್” ಎಂದು ಕೂಗುತ್ತಾ ನಿಂತುಬಿಡುವ ಫಾರ್ವರ್ಡ್‌ಗಳಿಗೆ ಹೇಳುವುದಿಷ್ಟೇ: ಸೀಟಿ ಕೇಳುವವರೆಗೆ ಓಡಿ.